ನೆರಳಲ್ಲಿ ನೆಟ್ಟ ಜರೀಗಿಡ ಬುಡದಲ್ಲೇ ಕಪ್ಪಾಗುತ್ತಿದ್ದರೆ

ಸ್ಥಳೀಯ ಜಾತಿಯದೇ ಜರೀಗಿಡ, ನೆರಳೂ ಇದೆ, ದಿನಾ ನೀರು ಹಾಕಿದರೂ ಬುಡ ಕಪ್ಪಾಗುತ್ತಿದೆ ಅಂದಿರಲ್ಲ, ಬಹುಶಃ ಸುರುಳಿ ಎಲೆ ಹೊರಡುವ ಭಾಗ ಮಣ್ಣಲ್ಲಿ ಹೂತುಹೋಗಿ ಕೊಳೆಯುತ್ತಿದೆ. ಜರೀಗಿಡಕ್ಕೆ ತೇವ ಬೇಕು, ನಿಂತ ನೀರು ಬೇಡ. ನನ್ನ ಎರಡು ಗಿಡ ಹೀಗೇ ಹೋದವು.

ಮೊದಲು ಗಿಡ ಎತ್ತಿ ಬುಡ ಒತ್ತಿ ನೋಡಿ. ಗಟ್ಟಿಯಿದ್ದರೆ ಉಳಿಯುವ ಸಾಧ್ಯತೆ ಜಾಸ್ತಿ, ಪೂರ್ತಿ ಮೆತ್ತಗಾಗಿದ್ದರೆ ಕಷ್ಟ. ಕೊಳೆತ ಎಲೆ, ಬೇರು ಕತ್ತರಿಸಿ. ಆಮೇಲೆ ಮಣ್ಣಿಗೆ ಚೆನ್ನಾಗಿ ಕಳಿತ ಎಲೆಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆಸಿ, ಬುಡ ಮಣ್ಣಿನ ಮಟ್ಟಕ್ಕಿಂತ ಒಂಚೂರು ಮೇಲಿರುವ ಹಾಗೆ ಮತ್ತೆ ನೆಡಿ, ಇದೇ ಎಲ್ಲಕ್ಕಿಂತ ಮುಖ್ಯ. ಸುತ್ತ 5 ಸೆಂ.ಮೀ. ತರಗೆಲೆ ಹಾಸಿ, ಬುಡಕ್ಕೆ ತಾಗಿಸಬೇಡಿ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಅನಿಸಿದಾಗ ಮಾತ್ರ ನೀರು ಕೊಡಿ. ಹೊಸ ಸುರುಳಿ ಕಾಣುವವರೆಗೆ ಬೇರೆ ಗೊಬ್ಬರ ಬೇಡ.