ದನಗಳಿಗೆ ಕಟ್ಟಿದ ಮನೆಯಲ್ಲಿ ಐಸ್ ಹಾಕಿ ಆಟ

ಪ್ರಶ್ನೆ: ಮಗಳ ಮನೆಗೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆ. ಪಕ್ಕದ ಡೇಲಿ ಸಿಟಿಯಲ್ಲಿ ‘ಕೌ ಪ್ಯಾಲೇಸ್’ ಎಂಬ ದೊಡ್ಡ ಕಟ್ಟಡ ಕಂಡಿತು. ಒಳಗೆ ಗೂಳಿ ಸವಾರಿ ನಡೆಯುತ್ತದೆ, ಹಿಂದೆ ಐಸ್ ಹಾಕಿಯನ್ನೂ ಆಡುತ್ತಿದ್ದರು ಎಂದ ಅಳಿಯ. ನಿಜವೋ, ಸುಮ್ನೆ ರೇಗಿಸಿದನೋ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ನಿಮ್ಮ ಅಳಿಯ ಹೇಳಿದ್ದು ನಿಜ ಮೇಷ್ಟ್ರೇ. ಆದರೆ ಅಲ್ಲಿ ದನವೇ ಮನೆ ಯಜಮಾನ, ಹಾಕಿ ಬರೀ ಬಾಡಿಗೆದಾರ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1915ರಲ್ಲಿ ದೊಡ್ಡ ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಅದರಲ್ಲಿ ಜಾನುವಾರು ಪ್ರದರ್ಶನಕ್ಕೆ ಜನವೋ ಜನ. ಇದಕ್ಕೊಂದು ಕಾಯಂ ಜಾಗ ಬೇಕು ಎಂಬ ಮಾತು ಆಗಲೇ ಹುಟ್ಟಿತು. ಕಟ್ಟಡ ಏಳುವ ಹೊತ್ತಿಗೆ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸವಿಲ್ಲದವರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯ ಹಣದಲ್ಲೇ ಕಟ್ಟಿದರು. ಜನ ಹಸಿದಿರುವಾಗ ಹಸುಗಳಿಗೆ ಅರಮನೆಯೇ ಎಂದು ಪತ್ರಿಕೆಯೊಂದು ಕುಟುಕಿತು. ಬೈಗುಳವೇ ಹೆಸರಾಗಿ ಉಳಿಯಿತು. ಬಾಗಿಲು ತೆರೆದದ್ದು 1941ರಲ್ಲಿ. ಅದೇ ವರ್ಷದ ಕೊನೆಗೆ ಅಮೆರಿಕ ಯುದ್ಧಕ್ಕಿಳಿಯಿತು. ಪೆಸಿಫಿಕ್ ಕಡೆಗೆ ಹೊರಟ ಸೈನಿಕರಿಗೆ ಇದೇ ತಂಗುದಾಣವಾಯಿತು.

ಆಮೇಲೆ ಬಂದ ಬಾಡಿಗೆದಾರರು ಒಬ್ಬರೇ ಇಬ್ಬರೇ! 1964 ಒಂದೇ ವರ್ಷ ಸಾಕು. ಜುಲೈನಲ್ಲಿ ರಿಪಬ್ಲಿಕನ್ ಪಕ್ಷದ ಮಹಾ ಅಧಿವೇಶನ. ಬ್ಯಾರಿ ಗೋಲ್ಡ್‌ವಾಟರ್ ಅಧ್ಯಕ್ಷ ಪದವಿಗೆ ಅಭ್ಯರ್ಥಿಯಾದದ್ದು ಇಲ್ಲೇ. ನ್ಯೂಯಾರ್ಕ್ ಗವರ್ನರ್ ನೆಲ್ಸನ್ ರಾಕ್‌ಫೆಲರ್ ಮಾತಾಡಲು ನಿಂತರೆ ಅವರದೇ ಪಕ್ಷದವರು ಕೂಗಾಡಿ ಗಲಾಟೆ ಮಾಡಿದರು. ದನದ ಸಂತೆಯಲ್ಲಿ ಇಷ್ಟು ಗದ್ದಲ ನಾನಂತೂ ಕೇಳಿಲ್ಲ. ಆಗಸ್ಟ್ 19ಕ್ಕೆ ಬ್ರಿಟನ್ನಿನ ಬೀಟಲ್ಸ್ ಸಂಗೀತ ತಂಡ ತನ್ನ ಅಮೆರಿಕ ಪ್ರವಾಸವನ್ನು ಇದೇ ಕಟ್ಟಡದಲ್ಲಿ ಶುರು ಮಾಡಿತು.

ಹಾಕಿಗೆ ಬರೋಣ. 1961ರಿಂದ ಐದು ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಸೀಲ್ಸ್ ತಂಡಕ್ಕೆ ಇದು ತವರು. ತಾವು ಆಡುತ್ತಿದ್ದ ವೆಸ್ಟರ್ನ್ ಹಾಕಿ ಲೀಗ್‌ನ ಕಪ್ಪನ್ನು 1963, 1964 ಎರಡೂ ವರ್ಷ ಗೆದ್ದರು. ಆದರೆ 1967ರಲ್ಲಿ ಎನ್‌ಎಚ್‌ಎಲ್ ಎಂಬ ದೊಡ್ಡ ಲೀಗ್ ಈ ಭಾಗಕ್ಕೆ ತಂಡ ಕೊಟ್ಟಾಗ ಅದು ಓಕ್ಲೆಂಡ್‌ನ ಹೊಸ ಕಟ್ಟಡದಲ್ಲಿ ಆಡಿತು. 1991ರಲ್ಲಿ ಅದೇ ಎನ್‌ಎಚ್‌ಎಲ್‌ನ ಸ್ಯಾನ್ ಹೋಸೆ ಶಾರ್ಕ್ಸ್ ತಂಡ ಹುಟ್ಟಿದಾಗ ಮಾತ್ರ ಬೇರೆ ದಾರಿಯಿರಲಿಲ್ಲ. ಅವರ ಸ್ವಂತ ಮನೆ ಇನ್ನೂ ಸಿದ್ಧವಾಗಿರಲಿಲ್ಲ. ಸುಮಾರು 11 ಸಾವಿರ ಜನ ಹಿಡಿಸುವ ಈ ಹಳೇ ಜಾಗದಲ್ಲೇ ಎರಡು ಸೀಸನ್ ಕಳೆದರು. ಎರಡನೆಯದರಲ್ಲಿ 84 ಪಂದ್ಯಕ್ಕೆ 71 ಸೋಲು! ತಪ್ಪು ಕಟ್ಟಡದ್ದಲ್ಲ ಬಿಡಿ, ಊರೂರು ಸುತ್ತಿಯೂ ಸೋತರು. 1993ರಲ್ಲಿ ಸ್ಯಾನ್ ಹೋಸೆಗೆ ಗಂಟುಮೂಟೆ ಕಟ್ಟಿದರು.

ಒಂದೇ ನೆಲದಲ್ಲಿ ಹಾಕಿ, ಗೂಳಿ ಸವಾರಿ ಎರಡೂ ಹೇಗೆ ಅಂತೀರಾ? ಇಂಥ ಅಂಗಳಗಳಲ್ಲಿ ಪೈಪುಗಳ ಮೂಲಕ ಕೊರೆಯುವ ತಣ್ಣನೆಯ ದ್ರಾವಣ ಹರಿಸುತ್ತಾರೆ. ಮೇಲೆ ತೆಳ್ಳಗೆ ನೀರು ಸಿಂಪಡಿಸುತ್ತಾ ಪದರದ ಮೇಲೆ ಪದರ ಹೆಪ್ಪುಗಟ್ಟಿಸುತ್ತಾರೆ. ಎಲ್ಲ ಸೇರಿದರೂ ದಪ್ಪ ಒಂದಿಂಚಿನ ಆಸುಪಾಸು, ಅಷ್ಟೇ. ರೋಡಿಯೋ, ಅಂದರೆ ಗೂಳಿ-ಕುದುರೆ ಸವಾರಿಯ ಪಂದ್ಯಾಟ ಬಂದರೆ ಲಾರಿಗಟ್ಟಲೆ ಮಣ್ಣು ತಂದು ಹರಡುತ್ತಾರೆ, ಮುಗಿದ ಮೇಲೆ ಬಳಿದು ಸಾಗಿಸುತ್ತಾರೆ.

‘ಗ್ರ್ಯಾಂಡ್ ನ್ಯಾಷನಲ್’ ಎಂಬ ಅಲ್ಲಿಯ ರೋಡಿಯೋ ಶುರುವಾದದ್ದು 1941ರಲ್ಲೇ. ಮುಂದಿನ ಸಲ ಅಕ್ಟೋಬರ್ ಹೊತ್ತಿಗೆ ಹೋಗಿ, ಟಿಕೆಟ್ ಅಳಿಯನ ಕೈಲೇ ತೆಗೆಸಿ.

ಪ್ರಶ್ನೆ: ರೋಡಿಯೋದಲ್ಲಿ ಗೂಳಿ ಮೇಲೆ ಎಷ್ಟು ಹೊತ್ತು ಕೂತರೆ ಗೆದ್ದ ಹಾಗೆ?
– ಕಾಲೇಜು ವಿದ್ಯಾರ್ಥಿ, ತಿಪಟೂರು

ಉತ್ತರ: 8 ಸೆಕೆಂಡ್. ಒಂದೇ ಕೈಯಲ್ಲಿ ಹಗ್ಗ ಹಿಡಿಯಬೇಕು. ಇನ್ನೊಂದು ಕೈ ಗೂಳಿಗೆ ತಾಗಿದರೆ ಔಟ್. ಅಷ್ಟು ಹೊತ್ತು ಕೂತರೂ ಸಾಲದು, ಆಮೇಲೆ ಅಂಕದ ಲೆಕ್ಕ. 100ರಲ್ಲಿ ಅರ್ಧ ಸವಾರನಿಗೆ, ಅರ್ಧ ಗೂಳಿಗೆ! ಎಷ್ಟು ಜೋರಾಗಿ ಕುಪ್ಪಳಿಸಿತು, ಹೇಗೆ ತಿರುಗಿತು ಅಂತ ನೋಡುತ್ತಾರೆ. ಗೂಳಿ ತೀರಾ ಸಾಧುವಾಗಿದ್ದರೆ ಸವಾರನಿಗೆ ಬೇರೆ ಗೂಳಿ ಕೊಡುವುದೂ ಉಂಟು.