ಹಾವಿನ ಹೆದರಿಕೆ, ಹಾವಿಗೆ ಹೆದರಿಕೆ

ವಿಜಯಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಓದುಗರೊಬ್ಬರು ಬರೆದಿದ್ದಾರೆ: “ನಾನು ‘ಐ ಡಿಸ್ಕಸ್ಡ್ ಅಬೌಟ್ ಇಟ್ ವಿತ್ ಹೀ’ ಎಂದು ಬರೆದೆ. ಎರಡು ಕಡೆ ಕೆಂಪು ಗೆರೆ ಬಿತ್ತು. ‘ಡಿಸ್ಕಷನ್ ಅಬೌಟ್’ ಸರಿಯಂತೆ, ‘ಡಿಸ್ಕಸ್ ಅಬೌಟ್’ ತಪ್ಪಂತೆ. ಯಾಕೆ ಅಂದರೆ ಬಾಯಿಪಾಠ ಮಾಡು ಅಂದರು. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಯಾವತ್ತಾದರೂ ತಲೆಗೆ ಹತ್ತುತ್ತದಾ?”

ಖಂಡಿತ ಹತ್ತುತ್ತದೆ. ನಿಮ್ಮ ಕೊನೆಯ ಸಾಲು ಓದಿ ಬೇಜಾರಾಯಿತು. ಇಲ್ಲಿ ನಿಮಗೆ ದಾರಿ ತೋರಿಸುವುದೇ ಕನ್ನಡ.

ಮೊದಲು ‘ವಿತ್ ಹೀ’. ‘ನಾನು’ ಜೊತೆ ‘ಗೆ’ ಸೇರಿದರೆ ‘ನನಗೆ’ ಆಗುತ್ತದೆ. ‘ನಾನುಗೆ’ ಅಂತ ಬಾಯಿ ತಪ್ಪಿಯೂ ಯಾರೂ ಅನ್ನುವುದಿಲ್ಲ. ಬೆಳಗಾವಿ ಪೇಟೆಯಲ್ಲಿ ಕೇಳುವ ಮರಾಠಿಯಲ್ಲೂ ‘ಮೀ’ ಹೋಗಿ ‘ಮಲಾ’ ಆಗುತ್ತದೆ. ಇಂಗ್ಲಿಷಿನಲ್ಲೂ ಅಷ್ಟೇ. ‘ಟು’, ‘ಫಾರ್’, ‘ವಿತ್’ ಬಂದ ಕೂಡಲೇ ‘ಐ’ ಹೋಗಿ ‘ಮಿ’, ‘ಹೀ’ ಹೋಗಿ ‘ಹಿಮ್’ ಬರುತ್ತದೆ. ಹಿಂದೆ ಇಂಗ್ಲಿಷಿನ ನಾಮಪದಗಳೂ ಹೀಗೆ ರೂಪ ಬದಲಿಸುತ್ತಿದ್ದವು. ಈಗ ಆ ಗುಣ ಸರ್ವನಾಮಗಳಲ್ಲಿ ಮಾತ್ರ ಚೆನ್ನಾಗಿ ಉಳಿದಿದೆ. ಹಾಗಾಗಿ ನಮ್ಮ ಮರ ‘ಮರಕ್ಕೆ’ ಆದರೂ ಅವರ ‘ಟ್ರೀ’ ‘ಟ್ರೀ’ಯಾಗಿಯೇ ಇರುತ್ತದೆ.

‘ಗೆ’, ‘ಟು’ಗಳು ಕೂರುವ ಜಾಗ ಮಾತ್ರ ಬೇರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಕ್ರಿ.ಶ. 700ರ ಸುಮಾರಿನದು. ಅದರ ‘ಸಾಧುಗೆ ಸಾಧು’ ಎಂಬ ಮಾತಿನಲ್ಲೂ ‘ಗೆ’ ಪದದ ಬಾಲದಲ್ಲೇ ಇದೆ. ಇಂಗ್ಲಿಷ್ ಇಂಥದ್ದನ್ನು ಪದಕ್ಕಿಂತ ಮೊದಲೇ ತಂದು ಕೂರಿಸುತ್ತದೆ. ‘ಬಾದಾಮಿಯಿಂದ’ ಅನ್ನುವುದು ‘ಫ್ರಮ್ ಬಾದಾಮಿ’ ಆಗುತ್ತದೆ.

ಇಬ್ಬರು ಜೊತೆಗೆ ಬಂದಾಗ ಜಾಸ್ತಿ ಎಡವುತ್ತೇವೆ. ‘ಫಾರ್ ಮೈ ಬ್ರದರ್ ಅಂಡ್ ಐ’ ಕೇಳಲು ಮರ್ಯಾದೆಯ ಮಾತಿನಂತಿದೆ, ಅಲ್ವಾ? ಅಣ್ಣನನ್ನು ಒಂದು ಕ್ಷಣ ಪಕ್ಕಕ್ಕೆ ನಿಲ್ಲಿಸಿ. ಉಳಿದದ್ದು ‘ಫಾರ್ ಐ’. ತಪ್ಪು ಆಗಲೇ ಕಿವಿಗೆ ಬೀಳುತ್ತದೆ. ‘ಫಾರ್ ಮೈ ಬ್ರದರ್ ಅಂಡ್ ಮಿ’ ಸರಿ.

ಈಗ ‘ಡಿಸ್ಕಸ್ ಅಬೌಟ್’. ಇದರ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಕನ್ನಡದ್ದೇ ಒಂದು ಮಾತು ತೆಗೆದುಕೊಳ್ಳಿ: ‘ಹುಡುಗ ಹಾವಿಗೆ ಹೆದರಿದ’. ಇಲ್ಲಿ ಕ್ರಿಯಾಪದ ‘ಗೆ’ ಕೇಳಿತು. ಅದನ್ನೇ ನಾಮಪದ ಮಾಡಿ. ‘ಹಾವಿನ ಹೆದರಿಕೆ’ ಅನ್ನುತ್ತೀರಿ. ‘ಹಾವಿಗೆ ಹೆದರಿಕೆ’ ಅಂದರೆ ಹೆದರಿದ್ದು ಹುಡುಗನಲ್ಲ, ಹಾವು! ಬೇರು ಒಂದೇ ಆದರೂ ಕ್ರಿಯಾಪದ ಕೇಳುವುದೇ ಬೇರೆ, ನಾಮಪದ ಕೇಳುವುದೇ ಬೇರೆ. ಇದನ್ನು ನಿಮಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

ಇಂಗ್ಲಿಷಿನಲ್ಲಿ ನಡೆಯುವುದೂ ಇದೇ. ‘ಫಿಯರ್’ ಕ್ರಿಯಾಪದವಾದರೆ ‘ದೆ ಫಿಯರ್ ಸ್ನೇಕ್ಸ್’, ನಡುವೆ ಏನೂ ಬೇಡ. ನಾಮಪದವಾದರೆ ‘ಫಿಯರ್ ಆಫ್ ಸ್ನೇಕ್ಸ್’, ಈಗ ‘ಆಫ್’ ಬೇಕು. ‘ಡಿಸ್ಕಸ್’ ನೇರವಾಗಿ ವಿಷಯವನ್ನೇ ಹಿಡಿಯುತ್ತದೆ: ‘ಡಿಸ್ಕಸ್ಡ್ ಇಟ್’. ‘ಡಿಸ್ಕಷನ್’ಗೆ ಆ ಶಕ್ತಿ ಇಲ್ಲ, ಅದಕ್ಕೆ ‘ಅಬೌಟ್’ ಎಂಬ ಕೊಂಡಿ ಬೇಕು. ರಜೆ ಅರ್ಜಿಯಲ್ಲಿ ‘ರಿಕ್ವೆಸ್ಟ್ ಫಾರ್ ಲೀವ್’ ಎಂದು ತಲೆಬರಹ ಕೊಡಬಹುದು, ಅಲ್ಲಿ ಅದು ನಾಮಪದ. ಒಳಗೆ ‘ಐ ರಿಕ್ವೆಸ್ಟ್ ಫಾರ್ ಲೀವ್’ ಎಂದು ಬರೆದರೆ ಗೆರೆ ಬೀಳುತ್ತದೆ. ಮದುವೆಯೂ ಹಾಗೇ. ನಾವು ‘ಅವನ ಜೊತೆ ಮದುವೆ’ ಅನ್ನುವುದರಿಂದ ‘ಮ್ಯಾರೀಡ್ ವಿತ್ ಹಿಮ್’ ಎಂದು ಬರೆದುಬಿಡುತ್ತೇವೆ. ‘ಶೀ ಮ್ಯಾರೀಡ್ ಹಿಮ್’ ಸಾಕು. ನಾಮಪದ ಬಂದರೆ ‘ಹರ್ ಮ್ಯಾರೇಜ್ ಟು ಹಿಮ್’.

ಬಾಯಿಪಾಠ ಪೂರ್ತಿ ತಪ್ಪುವುದಿಲ್ಲ, ಅದು ನಿಜ. ಆದರೆ ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಸುಮ್ನೆ ‘ರೀಸನ್’ ಅಂತ ಬೇಡ, ‘ರೀಸನ್ ಫಾರ್ ಇಟ್’ ಎಂದೇ ಬರೆಯಿರಿ. ‘ಇಂಟರೆಸ್ಟ್ ಇನ್ ಹರ್’, ‘ಡಿಫರೆನ್ಸ್ ಬಿಟ್ವೀನ್ ದೆಮ್’ ಎಂದು ಜೋಡಿಯಾಗಿಯೇ ಕಿವಿಗೆ ಹಾಕಿಕೊಳ್ಳಿ. ‘ಇಟ್’, ‘ಹರ್’, ‘ದೆಮ್’ ಇರಲಿ, ಸರ್ವನಾಮದ ರೂಪವೂ ಅದರಲ್ಲೇ ಕೂರುತ್ತದೆ.

ಪತ್ರದ ಜೊತೆ ಗೋಳಗುಮ್ಮಟದ ಮುಂದೆ ನಿಂತ ನಿಮ್ಮ ತಮ್ಮನ ಚಿತ್ರ ಕಳಿಸಿದ್ದೀರಿ. ಅದರ ಹಿಂಬದಿಯಲ್ಲಿ ‘ಎ ಫೋಟೋ ಆಫ್ ಹಿಸ್’ ಎಂದು ಬರೆದಿದ್ದೀರಿ. ಹಾಗಂದರೆ ಚಿತ್ರ ಅವನದು, ಒಳಗೆ ಯಾರೇ ಇರಬಹುದು. ಚಿತ್ರದಲ್ಲಿ ಅವನೇ ಇದ್ದರೆ ‘ಎ ಫೋಟೋ ಆಫ್ ಹಿಮ್’. ಕನ್ನಡದ ‘ಅವನ ಫೋಟೋ’ ಎರಡಕ್ಕೂ ಆಗುತ್ತದೆ, ಅದಕ್ಕೇ ಇಲ್ಲಿ ಎಡವಿದ್ದೀರಿ. ಚಿತ್ರ ಚೆನ್ನಾಗಿದೆ. ನಿಮ್ಮ ಒಪ್ಪಿಗೆ ಬಂದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.