ಹೈವೇಯಲ್ಲಿ ತಣ್ಣಗೆ, ಸಿಗ್ನಲ್‌ನಲ್ಲಿ ಬಿಸಿ

ಪ್ರಶ್ನೆ: ಹಳೇ ಕಾರಿಗೆ ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸಿದೆ. ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋದರೆ ಏನೂ ತೊಂದರೆಯಿಲ್ಲ, ಇಲ್ಲಿ ಪಿ.ಬಿ. ರಸ್ತೆಯ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಅಂತಾರೆ ಮೆಕ್ಯಾನಿಕ್. ಬಿಚ್ಚಿಸಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸ್ವಲ್ಪ ತಡೀರಿ, ಸುಮ್ನೆ ಹೆಡ್ ಬಿಚ್ಚಿಸಬೇಡಿ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ನಿಂತಾಗ ಆ ಕೆಲಸ ಫ್ಯಾನಿನದು, ಹಾಗಾಗಿ ನನ್ನ ಅನುಮಾನ ಮೊದಲು ಫ್ಯಾನ್ ಮೇಲೆ. ಎಂಜಿನ್ ಬದಲಿಸುವಾಗ ವೈರ್ ಅದಲುಬದಲಾದರೆ ಫ್ಯಾನ್ ತಿರುಗುತ್ತದೆ, ಆದರೆ ಉಲ್ಟಾ! ಫ್ಯಾನ್ ರೇಡಿಯೇಟರ್ ಹಿಂದಿದ್ದರೆ, ಅದು ಓಡುವಾಗ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಅಂಟಿಕೊಳ್ಳಬೇಕು. ಹಾರಿಹೋದರೆ ಕಳ್ಳ ಸಿಕ್ಕ ಅಂತಲೇ ಲೆಕ್ಕ. ಫ್ಯಾನ್ ತಿರುಗುವುದೇ ಇಲ್ಲ ಅಂದರೆ ಫ್ಯೂಸ್, ರಿಲೇ, ಸೆನ್ಸರ್ ವೈರ್ ನೋಡಿಸಿ.

ಅದೆಲ್ಲ ಸರಿಯಿದ್ದರೆ ಕೂಲಂಟ್‌ನಲ್ಲಿ, ಅಂದರೆ ಎಂಜಿನ್ ತಣಿಸುವ ದ್ರವದಲ್ಲಿ, ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ಥರ್ಮೋಸ್ಟ್ಯಾಟ್ (ಬಿಸಿಯಾದಾಗ ಕೂಲಂಟ್‌ಗೆ ದಾರಿ ಬಿಡುವ ಕವಾಟ) ತಾನಾಗಿ ತೆರೆದುಕೊಂಡು ಗಾಳಿ ಹೋಗುವ ತನಕ ಕೂಲಂಟ್ ತುಂಬಿಸಿ. ಬಿಸಿಯಲ್ಲಿ ಮುಚ್ಚಳ ಮುಟ್ಟಲೇಬೇಡಿ, ಕೈ ಸುಟ್ಟುಹೋಗುತ್ತದೆ. ಗುಳ್ಳೆ ನಿಲ್ಲದೆ ಬರುತ್ತಲೇ ಇದ್ದರೆ ಆಗ ಗ್ಯಾಸ್ಕೆಟ್ ಮಾತು. ಹಾಂ, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಹತ್ತಿಸಿದಿರಿ ಅಲ್ವಾ?